ನೀಲಿ ಶಾಯಿಯ ಸಹಿ

ಸಂಸದರ ಮಾತನ್ನು ನಂಬದಿರುವುದು ನನ್ನ ಹುಟ್ಟುಗುಣ. ಮತ ಕೇಳಲು ಬಂದಾಗ ನಮ್ಮ ಅಂಗಳದಲ್ಲಿ ಮಜ್ಜಿಗೆ ಕುಡಿದು ಹೋದವರು ಗೆದ್ದ ಮೇಲೆ ನಮ್ಮನ್ನು ಎಲ್ಲಿ ಗುರುತಿಸುತ್ತಾರೆ? ಆದರೂ ಉಡುಪಿಯ ಅವರ ಕಚೇರಿಗೆ ಹೋಗಲೇಬೇಕಾಯಿತು. ತಮ್ಮ ಗಲ್ಫಿನಲ್ಲಿ ಸಿಕ್ಕಿಬಿದ್ದಿದ್ದ. ಕೆಲಸ ಕೊಟ್ಟವರು ಪಾಸ್‌ಪೋರ್ಟ್ ಹಿಂದಿರುಗಿಸುತ್ತಿರಲಿಲ್ಲ. ಇತ್ತ ಅಮ್ಮ ಮಣಿಪಾಲದ ಆಸ್ಪತ್ರೆಯಲ್ಲಿ. ಕಣ್ಣು ಬಿಟ್ಟಾಗಲೆಲ್ಲ "ಮಗ ಬಂದನಾ?" ಎಂದು ಕೇಳುತ್ತಿದ್ದಳು.

ಅರ್ಧ ಗಂಟೆಯಲ್ಲಿ ಸಂಸದರ ಸಹಿಯಿದ್ದ ಪತ್ರ ಕೈಗೆ ಬಂತು. "ಇವತ್ತೇ ರಾಯಭಾರ ಕಚೇರಿಗೆ ಮೇಲ್ ಮಾಡಿ ಅಕ್ಕಾ" ಎಂದ ಸಹಾಯಕ. ಇಷ್ಟು ಬೇಗವೇ? ಅಲ್ಲಿಯೇ ನನಗೆ ಅನುಮಾನ ಹುಟ್ಟಿತು.

ಬೆಂಚಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಪತ್ರವನ್ನು ಇಣುಕಿ ನೋಡಿ ಲೊಚಗುಟ್ಟಿದರು. "ನೀಲಿ ಸಹಿ ಅಲ್ವಾ? ಪ್ರಯೋಜನ ಇಲ್ಲ. ಕೆಲಸ ಆಗಲೇಬೇಕಾದ್ದಕ್ಕೆ ಅವರು ಹಸಿರಿನಲ್ಲಿ ಹಾಕುವುದು. ನೀಲಿ ಅಂದರೆ ಬದಿಗಿಡಿ ಅಂತ. ಮೇಲಿನವರಿಗೆಲ್ಲ ಗೊತ್ತುಂಟು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎಂಥ ಉಪಾಯ! ನನ್ನ ಮೈಯೆಲ್ಲ ಉರಿಯಿತು. ಪತ್ರವನ್ನು ಬ್ಯಾಗಿಗೆ ತುರುಕಿ, ಹಸಿರು ಸಹಿಗಾಗಿ ಸಂಸದರ ಬೆನ್ನು ಹತ್ತಿದೆ. ಕಾಪುವಿನ ಸಭೆಯಲ್ಲಿ ಜನ ಹತ್ತಿರ ಹೋಗಲು ಬಿಡಲಿಲ್ಲ. ಮರುದಿನ ಅವರು ಅಧಿವೇಶನಕ್ಕೆಂದು ದೆಹಲಿಗೆ ಹೋದರು. ತಪ್ಪಿಸಿಕೊಳ್ಳುತ್ತಿದ್ದಾರೆ ಎಂದೇ ಅಂದುಕೊಂಡೆ. ತಮ್ಮ ಫೋನ್ ಮಾಡಿದಾಗಲೆಲ್ಲ "ಪತ್ರ ಇನ್ನೂ ಸಿಗಲಿಲ್ಲ ಮಾರಾಯ" ಎನ್ನುತ್ತಿದ್ದೆ.

ಮೂರು ವಾರ ಕಳೆದ ಮೇಲೆ ಕಾರ್ಕಳದಲ್ಲಿ, ರಸ್ತೆ ಕಾಮಗಾರಿಯ ಶಂಕುಸ್ಥಾಪನೆಯಲ್ಲಿ ಸಿಕ್ಕಿದರು. ಪತ್ರ ಚಾಚಿ, ಹಸಿರು ಶಾಯಿಯಲ್ಲಿ ಸಹಿ ಹಾಕಿಕೊಡಿ ಎಂದೆ. ಅದರ ಮೇಲಿನ ದಿನಾಂಕ ನೋಡಿ ಹುಬ್ಬು ಗಂಟಿಕ್ಕಿದರು. "ಎಂತಮ್ಮ ಇದು, ಇನ್ನೂ ಕಳಿಸಲಿಲ್ಲವಾ? ಕೈಗೆ ಸಿಕ್ಕಿದ ಪೆನ್ನಿನಲ್ಲಿ ಸಹಿ ಹಾಕುತ್ತೇನೆ ನಾನು. ಹಸಿರೂ ಇಲ್ಲ, ನೀಲಿಯೂ ಇಲ್ಲ. ಮೊದಲು ಕಳಿಸಿ."

ಅಲ್ಲಿಯೇ ಪೆಂಡಾಲಿನ ಬದಿಯಲ್ಲಿ ನಿಂತು ಮೊಬೈಲಿನಿಂದ ಕಳಿಸಿದೆ, ಅದೇ ನೀಲಿ ಸಹಿಯ ಪತ್ರವನ್ನು. ಆರನೆಯ ದಿನ ತಮ್ಮನ ಕೈಗೆ ಪಾಸ್‌ಪೋರ್ಟ್ ಬಂತು. ಅಮ್ಮ ಅದರ ಹಿಂದಿನ ದಿನವೇ ಹೋಗಿದ್ದಳು.

ಈಗ ತಮ್ಮ ಪರ್ಕಳದಲ್ಲಿ ಅಂಗಡಿ ಇಟ್ಟಿದ್ದಾನೆ. ಮೊನ್ನೆ ಟಿ.ವಿ.ಯಲ್ಲಿ ಸಂಸದರನ್ನು ಕಂಡದ್ದೇ ಸಿಡಿದುಬಿದ್ದ. "ಒಂದು ಪತ್ರ ಕೊಡಲಿಕ್ಕೆ ಮೂರು ವಾರ ಸತಾಯಿಸಿದ ಮನುಷ್ಯ! ಬೇಗ ಕೊಟ್ಟಿದ್ದರೆ ಅಮ್ಮನ ಮುಖ ನೋಡಲಿಕ್ಕೆ ಸಿಗುತ್ತಿತ್ತು. ಅಲ್ವಾ ಅಕ್ಕ?"

ನಾನು ಟಿ.ವಿ. ಕಡೆಗೇ ನೋಡುತ್ತಿದ್ದೆ.

"ಹೌದು ಮಾರಾಯ" ಎಂದೆ. "ಇವರನ್ನೆಲ್ಲ ನಂಬಬಾರದು."