ಮುಚ್ಚಿದ ಅಂಗಡಿಯ ಹೊಲಿಗೆ ದರ

ಬೈಂದೂರಿನ ಆ ದರ್ಜಿ ಅಂಗಡಿಯನ್ನು ಮೊದಲ ಸಲ ನೋಡಿದಾಗ ಬಾಗಿಲು ಹಸಿರಿತ್ತೋ ನೀಲಿಯೋ, ಆಣೆ ಮಾಡಿ ಹೇಳಲಾರೆ. ಒಳಗಿಂದ ಹೊಲಿಗೆ ಯಂತ್ರದ ಸದ್ದು ಕೇಳಿದ್ದು ಮಾತ್ರ ಖಂಡಿತ ಎಂದುಕೊಂಡಿದ್ದೆ. ಈಗ ಅದನ್ನೂ ಹೇಳಲಾರೆ.

ಕರಾವಳಿಯ ಮೂಲ ಹಣದುಬ್ಬರವನ್ನು ದೇಶದ ಅಂಕಿಯ ಪಕ್ಕ ಇಟ್ಟು ನೋಡುವುದು ನನ್ನ ಪ್ರಬಂಧದ ವಿಷಯ. ಮೀನು, ತರಕಾರಿ, ಪೆಟ್ರೋಲಿನ ಬೆಲೆ ದಿನಕ್ಕೊಂದು ಥರ ಇರುತ್ತದೆ. ಅವನ್ನು ಬಿಟ್ಟು ಕ್ಷೌರ, ಮನೆ ಬಾಡಿಗೆ, ಡಾಕ್ಟರ ಫೀಸು, ಹೊಲಿಗೆ ಕೂಲಿ ಇಂಥವು ನಿಧಾನಕ್ಕೆ ಎಷ್ಟು ಏರುತ್ತವೆ ಎಂದು ಅಳೆಯಬೇಕು. ತಿಂಗಳಿಗೊಮ್ಮೆ ಕುಂದಾಪುರದಲ್ಲಿ ಕೇಳಿ, ಬ್ರಹ್ಮಾವರಕ್ಕೂ ಬೈಂದೂರಿಗೂ ಬಸ್ಸು ಹತ್ತಿ, ಪ್ರತಿ ಸಲ ಅವೇ ಅಂಗಡಿಗಳ ದರ ಬರೆದು ತರುತ್ತಿದ್ದವರು ಚಿಕ್ಕಮ್ಮ. ನಿವೃತ್ತ ಟೀಚರ್, ಅಂಗಡಿ ಮುಚ್ಚಿದ್ದರೆ 'ಮುಚ್ಚಿದೆ' ಎಂದೇ ಬರೆಯುವವರು. ಒಂದು ಸಲ ನಾನೂ ಜೊತೆಗಿದ್ದೆ. ನಾನು ರಸ್ತೆಯಾಚೆ ನಿಂತಿದ್ದೆ, ಅವರು ದರ್ಜಿಯಲ್ಲಿಗೆ ಹೋಗಿ ಬರೆದುಕೊಂಡು ಬಂದರು. ಯಂತ್ರದ ಸದ್ದು ಅವತ್ತಿನದು.

ಪ್ರಬಂಧ ಒಪ್ಪಿಸುವ ಮೊದಲು ಅಂಗಡಿಗಳನ್ನು ನಾನೇ ನೋಡಿ ಬರಲು ಹೊರಟೆ. ಬೈಂದೂರಿನಲ್ಲಿ ಬಾಗಿಲಿಗೆ ಬೀಗ, ಬೀಗಕ್ಕೆ ತುಕ್ಕು. ಪಕ್ಕದ ಚಪ್ಪಲಿ ಅಂಗಡಿಯಾಕೆ ಕೂಗಿದರು.

"ಹ್ವಾಯ್, ಯಾರ್ ಬೇಕಿತ್ತ್? ದರ್ಜಿ ತೀರಿಹೋಯಿ ಮೂರ್ ವರ್ಷ ಆಯ್ತ್, ಆಗ್ಳಿಂದ ಅಂಗ್ಡಿ ಮುಚ್ಚೇ ಇತ್ತ್. ಬ್ಲೌಸ್ ಕೊಟ್ಟಿದ್ರ್ಯಾ? ಹಾಂಗಾರೆ ಇನ್ ಮೇಲ್ ಲೋಕಕ್ಕ್ ಹೋಯೇ ತಕಣ್ಕ್!"

ಅವರು ನಕ್ಕರು. ನಾನೂ ನಕ್ಕೆ.

ಚಿಕ್ಕಮ್ಮ ದರ ಬರೆಯಲು ತೊಡಗಿದ್ದೇ ಎರಡು ವರ್ಷದ ಹಿಂದೆ.

ವಾಪಸ್ ಬಸ್ಸಿನಲ್ಲಿ ಹಾಳೆಗಳನ್ನು ಬಿಚ್ಚಿದೆ. ಒಂದು ತಿಂಗಳೂ ಬಿಡದೆ ಆ ಅಂಗಡಿಯ ದರ ಇದೆ. ಎರಡು ಸಲ ಏರಿದೆ. ಅಲ್ಲಿ ಏರಿದ ಮರುತಿಂಗಳೇ ಕುಂದಾಪುರ, ಬ್ರಹ್ಮಾವರದ ದರ್ಜಿಗಳು ಅಷ್ಟೇ ಏರಿಸಿದ್ದಾರೆ. ಮನಸ್ಸಿಗೆ ಬಂದದ್ದನ್ನು ಬರೆಯುವವರು ಉಳಿದ ಅಂಗಡಿಗಳನ್ನು ನೋಡಿ ಬರೆಯುತ್ತಾರೆ. ಇದು ಅವಕ್ಕಿಂತ ಒಂದು ತಿಂಗಳು ಮೊದಲೇ ಹೇಗೆ ಏರಿತು? ಆ ಸಾಲು ತೆಗೆದರೆ, ಯಾಕೆ ತೆಗೆದೆ ಎಂದು ಹೇಳಬೇಕು. ಆಮೇಲೆ ಚಿಕ್ಕಮ್ಮ ಬರೆದ ಬೇರೆ ಸಾಲುಗಳನ್ನೂ ಯಾರೂ ನಂಬುವುದಿಲ್ಲ, ಪ್ರಬಂಧವೇ ಉಳಿಯುವುದಿಲ್ಲ. ಇಟ್ಟರೆ ಸುಳ್ಳಿಗೆ ನನ್ನ ಸಹಿ.

ಮನೆಗೆ ಬಂದಾಗ ಚಿಕ್ಕಮ್ಮ ಈ ತಿಂಗಳ ಹಾಳೆ ತುಂಬುತ್ತಿದ್ದರು. ಬೈಂದೂರಿನ ಹೊಲಿಗೆ ಹತ್ತು ರೂಪಾಯಿ ಏರಿತ್ತು.

"ಎಂತ ಮಾರಾಯ್ತಿ, ಮುಖ ಹೀಂಗ್ ಮಾಡ್ಕಂಡಿದ್ದೆ?"

ಬೈಂದೂರಿಗೆ ಹೋಗಿದ್ದೆ ಅಂದೆ. ಪೆನ್ನು ನಿಂತಿತು. ಪ್ರಬಂಧ ಇನ್ನೂ ನನ್ನ ಮೇಜಿನ ಮೇಲೇ ಇದೆ. ಅವತ್ತು ನಾನು ಕೇಳಿದ್ದು ಇಷ್ಟೇ:

"ಚಿಕ್ಕಮ್ಮ, ಆ ಅಂಗಡೀಲಿ ನಿಮ್ಗೆ ರೇಟ್ ಹೇಳುದ್ ಯಾರ್?"