ತೆರೆ ಸರಿಸಿದ ರಾಜಕುಮಾರಿ

ನಮ್ಮ ಮೊಮ್ಮಗಳ ಮದುವೆ ಗೊತ್ತಾಯಿತು! ಇವತ್ತು ಬೆಳಿಗ್ಗೆ ಶಿರಾದಿಂದ ಗಂಡಿನ ಕಡೆಯವರು ಬಂದಿದ್ದರು. ನಮ್ಮ ಹುಡುಗಿ ಆ ಹುಡುಗನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಮುಕ್ಕಾಲು ಗಂಟೆ ಮಾತಾಡಿ, ಒಳಗೆ ಬಂದವಳೇ ನನ್ನ ಕಿವಿಯಲ್ಲಿ "ಅಜ್ಜಿ, ಓಕೆ" ಅಂದಳು. ನನಗೆ ಕುಣಿಯುವಷ್ಟು ಸಂತೋಷ. ಮಂಡಿ ನೋವಿದೆ, ಅದಕ್ಕೆ ಕುಣಿಯಲಿಲ್ಲ, ಅಷ್ಟೆ.

ಅವರಿಬ್ಬರೂ ನಿಂತಿದ್ದ ಕಡೆ ಚಾಪೆಯ ಮೇಲೆ ಹೊಸ ಹುಣಸೆಹಣ್ಣು ಒಣಗಲು ಹಾಕಿದ್ದೆವು. ನೆಂಟರು ಹೋದ ಮೇಲೆ ಎತ್ತಿಡಲು ಹೋದೆ. ಆ ಹುಳಿ ವಾಸನೆ ಮೂಗಿಗೆ ಬಡಿದು, ಹೊಳವನಹಳ್ಳಿಯ ನಮ್ಮ ತವರಿನ ಪಕ್ಕದ ಮನೆಯ ಅಕ್ಕ ನೆನಪಾದಳು...

ಅಕ್ಕ ಮದುವೆಯಾದ ವರ್ಷದೊಳಗೇ ಗಂಡನ ಮನೆ ಬಿಟ್ಟು ಬಂದವಳು. ರವಿಕೆ ಹೊಲಿದು ಬದುಕುತ್ತಿದ್ದಳು. ಬೇಸಿಗೆ ಬಂತೆಂದರೆ ಬೀದಿಯ ಹೆಂಗಸರೆಲ್ಲ ಅವಳ ಜಗಲಿಯಲ್ಲಿ ಕೂತು ಹುಣಸೆಹಣ್ಣು ಬಡಿದು ಬೀಜ ತೆಗೆಯುತ್ತಿದ್ದೆವು. ಅಕ್ಕ ಮಾತ್ರ ಹಣ್ಣು ಮುಟ್ಟುವಂತಿರಲಿಲ್ಲ. ಅವಳು ಚಿತ್ರಕಥೆ ಪುಸ್ತಕ ಓದಬೇಕು, ಅವಳ ಪಾಲಿನ ಹಣ್ಣನ್ನು ನಾವು ಬಿಡಿಸಬೇಕು. ಅದೇ ಕರಾರು.

ಇದ್ದದ್ದು ಒಂದೇ ಪುಸ್ತಕ. ಎರಡು ಅರಮನೆಯ ಹಿರಿಯರು ಸೇರಿ ಮದುವೆ ಗೊತ್ತು ಮಾಡುತ್ತಾರೆ, ರಾಜಕುಮಾರಿ ಹುಡುಗನ ಮುಖವನ್ನೇ ನೋಡಿಲ್ಲ. ಮುಹೂರ್ತದಲ್ಲಿ ಇಬ್ಬರ ನಡುವೆ ತೆರೆ ಹಿಡಿದಿರುವಾಗ ಅವಳೇ ಕೈಹಾಕಿ ಅದನ್ನು ಸರಿಸಿ, "ನಾನು ಬೇಕೋ, ನಮ್ಮಪ್ಪನ ಸೀಮೆ ಬೇಕೋ?" ಎಂದು ಕೇಳುತ್ತಾಳೆ. ಎಷ್ಟು ಸಲ ಕೇಳಿದ್ದರೂ ಆ ಪುಟ ಬಂದಾಗ ನಮ್ಮೆಲ್ಲರ ಕೈ ನಿಲ್ಲುತ್ತಿತ್ತು. ಅರಮನೆಯವರನ್ನೂ ನಾವು ನೆಂಟರಂತೆಯೇ ಆಡಿಕೊಳ್ಳುತ್ತಿದ್ದೆವು.

"ಆ ಹುಡುಗನ ಅವ್ವನ ಮೂತಿ ನೋಡ್ರೇ, ಸೊಸೆಗೆ ಹೊಟ್ಟೆತುಂಬ ಇಕ್ಕೋಳಲ್ಲ ಕಣಮ್ಮ!"

"ಅವಳ್ಯಾಕೇ ಇಕ್ತಾಳೆ? ಅರಮನೆ ಕಣೇ ಅದು, ಅಡುಗೆಭಟ್ಟ ಇರ್ತಾನೆ!"

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನ ಬೆರಳು ಹಿಡಿದು, ಚಿತ್ರದೊಳಗಿನ ಮಾತುಗಳ ಮೇಲೆ ಆಡಿಸಿ, ಮರೆತ ಅಕ್ಷರ ಕಲಿಸಿದವಳೂ ಅಕ್ಕನೇ.

ನನಗೆ ಗಂಡು ಗೊತ್ತು ಮಾಡುವಾಗ ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ಗಂಡಿನ ಕಡೆಯವರು ನೋಡಲು ಬರುವ ಹಿಂದಿನ ದಿನ ಅಕ್ಕ ನನ್ನ ರವಿಕೆಗೆ ಕೊಕ್ಕೆ ಹಾಕುತ್ತಾ ಮೆಲ್ಲಗೆ ಅಂದಳು: "ನಾನು ಕೇಳ್ದೇ ಹೋಗ್ಬುಟ್ಟೆ ಕಣೇ. ನೀನು ಕೇಳು."

ತಲೆ ತಗ್ಗಿಸಿ ಕಾಫಿ ಕೊಡಬೇಕಾದವಳು ತಲೆ ಎತ್ತಿ ಹುಡುಗನನ್ನು ಕೇಳಿಯೇ ಬಿಟ್ಟೆ. "ನೀವೇ ಒಪ್ಕಂಡ್ ಬಂದ್ರಾ, ನಿಮ್ಮಪ್ಪ ಅಂದ್ರು ಅಂತ ಬಂದ್ರಾ?"

ಹುಡುಗನ ತಾಯಿ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು. ಸಂಬಂಧ ಮುರಿಯಿತೆಂದೇ ನಮ್ಮಪ್ಪ ಕಂಬ ಹಿಡಿದುಕೊಂಡರು. ಹುಡುಗ ಬೆವರು ಒರೆಸಿಕೊಂಡು ಹೇಳಿದ: "ಬರೋವಾಗ ಅಪ್ಪ ಅಂದ್ರು ಅಂತ ಬಂದೆ. ಈಗ ನಾನೇ ಒಪ್ದೆ."

ಅವರೇ ನಮ್ಮ ಯಜಮಾನರು.

ನಮ್ಮವ್ವನಿಗೆ ಮಾತ್ರ ಸಿಟ್ಟು ಇಳಿಯಲಿಲ್ಲ. ಸಂಜೆಗೇ ಅಕ್ಕನ ಬಾಗಿಲಿಗೆ ಹೋಗಿ, "ಗಂಡನ್ ಮನೆ ಬುಟ್ ಬಂದೋಳು, ನನ್ ಮಗಳ ಬಾಳ್ಗೂ ಕಲ್ಲಾಕಕ್ಕೆ ನೋಡ್ತೀಯಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ನನ್ನ ಮದುವೆಗೆ ಅಕ್ಕನನ್ನು ಕರೆಯಲಿಲ್ಲ. ಅವ್ವ ಕೂಗುತ್ತಿದ್ದಾಗ ನಾನು ನಮ್ಮ ಬಾಗಿಲ ಹಿಂದೆಯೇ ನಿಂತಿದ್ದೆ. ಗಂಡಿನ ಮುಂದೆ ಎದ್ದ ಬಾಯಿ ಅವ್ವನ ಮುಂದೆ ಏಳಲಿಲ್ಲ...

ಮೊದಲ ಹಬ್ಬಕ್ಕೆ ತವರಿಗೆ ಹೋದಾಗ ಅವಳ ಮನೆಗೆ ಬೀಗ. ಪಾವಗಡದ ಕಡೆ ತಮ್ಮನ ಊರಿಗೆ ಹೋದಳಂತೆ. ಹೋಗಿ ನೋಡಬಹುದಿತ್ತು, ಬಸ್ಸಿತ್ತು. ಈ ಸುಗ್ಗಿ ಆಗಲಿ, ಈ ಮಗು ನಡೆಯಲಿ ಎನ್ನುತ್ತಾ...

ಇವತ್ತು ಸಂಜೆ ಮನೆಯವರೆಲ್ಲ ಸಾಲಾಗಿ ಊಟಕ್ಕೆ ಕೂತೆವು. ಒಬ್ಬಟ್ಟು ಬಡಿಸುತ್ತಾ ನಮ್ಮ ಸೊಸೆ ಮಗಳನ್ನು ಗದರಿದಳು. "ಮುಕ್ಕಾಲು ಗಂಟೆ ಮಾತಾಡೋಕೆ ಏನಿತ್ತೇ? ಬೀಗ್ರು ಏನಂದ್ಕಂಡ್ರೋ! ಯಾರು ಕಲ್ಸಿದ್ರು ನಿಂಗೆ?"

"ನಾನೇ ಕಣಮ್ಮ," ಅಂದೆ. "ನಂಗೆ ಕಲ್ಸಿದೋಳು ಒಬ್ಳಿದ್ಲು."

ಎಲ್ಲವನ್ನೂ ಹೇಳಿದೆ. ಬಾಗಿಲ ಹಿಂದೆ ಸುಮ್ಮನೆ ನಿಂತದ್ದನ್ನೂ ಹೇಳಿದೆ. ಅದು ಯಜಮಾನರಿಗೂ ಗೊತ್ತಿರಲಿಲ್ಲ.

"ಅವ್ರನ್ನ ನನ್ ಮದ್ವೆಗೆ ಕರೆಯೋಣ ಅಜ್ಜಿ," ಅಂದಳು ಮೊಮ್ಮಗಳು.

ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು ಅಕ್ಕ. ಇನ್ನೂ ಬದುಕಿದ್ದಾಳೆಂದು ಹೇಳುವ ಧೈರ್ಯ ನನಗಾಗಲಿಲ್ಲ. ಹೂಂ ಎಂದು ತಲೆಯಾಡಿಸಿದೆ. ಸೊಸೆ ನನ್ನ ಎಲೆಗೆ ಒಂದು ಒಬ್ಬಟ್ಟು ಹಾಕಿ, ಮಗಳ ಎಲೆಗೂ ಒಂದು ಹಾಕಿ, ತಾನೂ ನಮ್ಮಿಬ್ಬರ ನಡುವೆ ಊಟಕ್ಕೆ ಕೂತಳು.