ದೋಣಿ ಹತ್ತುತ್ತೇನೆ ಅಂದವರು

ಮೊದಲೇ ಹೇಳಿಬಿಡುತ್ತೇನೆ, ಆ ಸಿನಿಮಾ ಚೆನ್ನಾಗಿದೆ. ನನ್ನ ಸಿಟ್ಟೇ ಅದು. ಕೆಟ್ಟದಾಗಿದ್ದಿದ್ದರೆ ಒಂದು ಸಲ ನೋಡಿ ಮರೆತುಬಿಡುತ್ತಿದ್ದೆ. ಹತ್ತೊಂಬತ್ತು ವರ್ಷ ಅದನ್ನು ನಂಬಿ ಕೂರುತ್ತಿರಲಿಲ್ಲ.

ಕತೆ ಇಷ್ಟೇ. ಕಡಲ ಬದಿಯ ಊರೊಂದರ ದಕ್ಕೆಯಲ್ಲಿ ಕೂತು ದೋಣಿಗೆ ಟಿಕೆಟ್ ಹರಿದುಕೊಡುವ ಗುಮಾಸ್ತನೊಬ್ಬ ಇದ್ದಾನೆ. ಊರಿಗೆಲ್ಲ ಟಿಕೆಟ್ ಕೊಡುವ ಇವನು ಮಾತ್ರ ಜನ್ಮದಲ್ಲಿ ದೋಣಿ ಹತ್ತಿದವನಲ್ಲ, ದೋಣಿ ತೂಗುವುದನ್ನು ನೋಡಿದರೇ ವಾಂತಿ. ಇಂಥವನಿಗೆ ಒಬ್ಬಳು ಮತ್ಸ್ಯಕನ್ಯೆ ಗಂಟು ಬೀಳುತ್ತಾಳೆ. ಅವನಿಗಾಗಿ ಬಾಲ ಕಳಚಿ ದಡಕ್ಕೆ ಬರುತ್ತಾಳೆ, ಚಪ್ಪಲಿ ಹಾಕಲು ಕಲಿಯುತ್ತಾಳೆ, ಮೀನಿನ ಮಾರ್ಕೆಟ್ಟಿಗೆ ಹೋಗಿ ಒಂದೊಂದು ಬುಟ್ಟಿಯ ಮುಂದೆಯೂ ನಿಂತು ನೆಂಟರನ್ನು ಹುಡುಕುತ್ತಾಳೆ. ನಗು ಬರದಿದ್ದರೆ ನೀವು ಮನುಷ್ಯರೇ ಅಲ್ಲ. ಆಮೇಲೆ ದಡದ ಗಾಳಿಗೆ ಅವಳು ದಿನದಿನಕ್ಕೂ ಒಣಗುತ್ತ ಬಂದು ಕಡಲಿಗೇ ಮರಳುತ್ತಾಳೆ. ಕೊನೆಗೆ ಈ ಗುಮಾಸ್ತ ಒಂದು ಸೂಟ್‌ಕೇಸ್ ಹಿಡಿದುಕೊಂಡು ತಾನೇ ದೋಣಿ ಹತ್ತುತ್ತಾನೆ. ಕಟ್ಟಕಡೆಯ ದೃಶ್ಯದಲ್ಲಿ ಅವನು ದೋಣಿಯ ಅಂಚಿಗೆ ಬಗ್ಗಿ ವಾಂತಿ ಮಾಡುತ್ತಿದ್ದಾನೆ, ಅವಳು ನೀರಿನಲ್ಲಿದ್ದುಕೊಂಡೇ ಅವನ ಹಣೆ ಹಿಡಿದು ನಗುತ್ತಿದ್ದಾಳೆ. ನಾನು ಕಂಡ ಪ್ರೇಮದ ದೃಶ್ಯಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಈ ಸಿನಿಮಾವನ್ನು ನನಗೆ ತೋರಿಸಿದವರು ನನ್ನ ಗಂಡ. ಮದುವೆಯಾಗಿ ಎರಡು ತಿಂಗಳಿಗೆ ನಾನು ಕುವೈತಿಗೆ ಬಂದೆ. ಊರಿನಲ್ಲಿ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದವಳು ನಾನು, ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು. ನನ್ನ ಕೈಯಲ್ಲಿ ಸೂಜಿ ಚುಚ್ಚಿಸಿಕೊಂಡರೆ ಮಕ್ಕಳೂ ಅಳುವುದಿಲ್ಲ ಅಂತ ಹೆಸರಿತ್ತು. ಅದನ್ನು ಬಿಟ್ಟು ವಿಮಾನ ಇಳಿದೆ. ಏರ್‌ಪೋರ್ಟಿನಿಂದ ಫರ್ವಾನಿಯಾದ ಮನೆಗೆ ಎಷ್ಟು ದೂರ? ಅಷ್ಟರಲ್ಲೇ ಎರಡು ಸಲ ವಾಂತಿ ಮಾಡಿದೆ. ಎಸಿಯ ವಾಸನೆ, ಕಾರಿನಲ್ಲಿ ತೂಗುಹಾಕಿದ ಸೆಂಟಿನ ವಾಸನೆ, ಧೂಳಿನ ವಾಸನೆ, ಒಂದಾದರೂ ಹೊಟ್ಟೆಗೆ ಹಿಡಿಸಲಿಲ್ಲ. ಮುಂದಿನ ಮೂರು ತಿಂಗಳು ಇದೇ ಕತೆ. ಪಕ್ಕದ ಫ್ಲಾಟಿನ ಆಂಟಿ ಮುಖ ಕಂಡಾಗಲೆಲ್ಲ "ವಿಶೇಷ ಉಂಟಾ?" ಅಂತ ಕೇಳುತ್ತಿದ್ದರು. ವಿಶೇಷ ಎಂಥದ್ದೂ ಇರಲಿಲ್ಲ, ಊರಿನ ನೆನಪಾಗುತ್ತಿತ್ತು ಅಷ್ಟೇ.

ಬಂದ ಎರಡನೆಯ ಶುಕ್ರವಾರ, ಇಲ್ಲಿನ ರಜೆಯ ದಿನ, ಗಂಡ ಈ ಸಿನಿಮಾದ ಡಿವಿಡಿ ತಂದರು. ಇಬ್ಬರೂ ನೆಲದ ಮೇಲೆ ಚಾಪೆ ಹಾಸಿಕೊಂಡು ನೋಡಿದೆವು. ಕೊನೆಯ ದೃಶ್ಯಕ್ಕೆ ನಾನು ನಗುತ್ತ ನಗುತ್ತ ಅತ್ತುಬಿಟ್ಟೆ. ಆಗ ಅವರು ನನ್ನ ತಲೆ ಸವರಿ ಹೇಳಿದ್ದು ಇದು. ನಮ್ಮ ಮನೆಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಅಳ್ಬೇಡ ಮಾರಾಯ್ತಿ. ನಿಂಗೆ ಇಲ್ಲಿ ಆಗುದೇ ಇಲ್ಲ ಅಂತಾದ್ರೆ ನಾನೂ ದೋಣಿ ಹತ್ತುತ್ತೇನೆ. ವಾಂತಿ ಬಂದ್ರೂ ಚಿಂತಿಲ್ಲ."

ಕೇಳಿ ಕರಗಿಹೋದೆ. ಇಪ್ಪತ್ತಮೂರು ವರ್ಷದ ಹುಡುಗಿ, ಕರಗದೆ ಇನ್ನೇನು ಮಾಡುತ್ತಾಳೆ!

ಆಮೇಲಿನದನ್ನು ಹೇಳಲು ಹೊರಟರೆ ನನಗೇ ನಾಚಿಕೆ. ನನ್ನದು ಗಂಡನ ಹೆಸರಿನ ಮೇಲೆ ಬಂದ ಫ್ಯಾಮಿಲಿ ವೀಸಾ, ಅದರಲ್ಲಿ ಕೆಲಸ ಮಾಡುವ ಹಾಗಿಲ್ಲ. ಊರಿಗೆ ಹೋಗುವ ಅಂದೆ, "ಎರಡು ವರ್ಷ ಕಳೀಲಿ" ಅಂದರು. ಎರಡು ಕಳೆಯುವಷ್ಟರಲ್ಲಿ ಮಗಳು ಹುಟ್ಟಿದಳು. ಅವಳು ಶಾಲೆಗೆ ಸೇರಲಿ ಅಂದರು. ಹತ್ತನೆಯದು ಮುಗಿಯಲಿ ಅಂದರು. ಹನ್ನೆರಡನೆಯದು ಮುಗಿಯಲಿ ಅಂದರು. ನಾನು ಮುಖ ಊದಿಸಿಕೊಂಡ ಶುಕ್ರವಾರವೆಲ್ಲ ಈ ಮಹಾರಾಯರು ಆ ಸಿನಿಮಾ ಹಾಕುತ್ತಿದ್ದರು. ಡಿವಿಡಿ ಹೋಗಿ ಪೆನ್‌ಡ್ರೈವ್ ಬಂತು, ಸಣ್ಣ ಟಿವಿ ಹೋಗಿ ಗೋಡೆಯಷ್ಟು ದೊಡ್ಡದು ಬಂತು. ಮೀನಿನ ಮಾರ್ಕೆಟ್ಟು ಬರುವ ಹೊತ್ತಿಗೆ ನಾನು ನಕ್ಕಿರುತ್ತಿದ್ದೆ. ನಕ್ಕ ಮೇಲೆ ಜಗಳ ಎಲ್ಲಿಂದ ಬರಬೇಕು? ಎದ್ದು ಹೋಗಿ ಗಂಜಿಗೆ ಇಡುತ್ತಿದ್ದೆ.

ಈ ವರ್ಷ ಮಗಳ ಹನ್ನೆರಡನೆಯದು ಮುಗಿಯಿತು. ಜೂನಿನಲ್ಲಿ ಅವಳು ಹೇಗೂ ಮಂಗಳೂರಿನ ಕಾಲೇಜಿಗೆ ಹೋಗುವವಳು. ನನ್ನ ಜೊತೆ ಓದಿದ ಗೆಳತಿಯೊಬ್ಬಳು ಅಲ್ಲೇ ಲ್ಯಾಬ್ ನಡೆಸುತ್ತಾಳೆ. ಫೋನ್ ಮಾಡಿ, "ಮೂರು ತಿಂಗಳು ನನ್ನ ಹತ್ರ ಪುನಃ ಕಲಿ, ಸೂಜಿ ಹಿಡಿದ ಕೈ ಮರೀಲಿಕ್ಕಿಲ್ಲ. ಜೂನ್ ಒಂದಕ್ಕೆ ಬರ್ತೀಯಾ ಇಲ್ವಾ, ಈ ತಿಂಗಳೊಳಗೆ ಹೇಳು" ಅಂದಳು. ಗಂಡ ಇಲ್ಲಿ ಕುವೈತಿನ ಶುವೈಖಿನಲ್ಲಿ ವಾಹನಗಳ ಬಿಡಿಭಾಗದ ಗೋದಾಮು ನೋಡಿಕೊಳ್ಳುವವರು. ಅವರ ಭಾವ ಊರಿನಲ್ಲಿ ಅದೇ ವ್ಯಾಪಾರ ಇಟ್ಟುಕೊಂಡು, ಬಾ ಬಾ ಅಂತ ನಾಲ್ಕು ವರ್ಷದಿಂದ ಕರೆಯುತ್ತಿದ್ದಾರೆ. ಇನ್ನು ಯಾವ ನೆಪ ಉಳಿದಿದೆ ಅಂತ ನಾನು ಕಾದೆ. "ಸಂಘದ ವಾರ್ಷಿಕೋತ್ಸವ ಒಂದು ಆಗ್ಲಿ, ಮತ್ತೆ ಕೂತು ಮಾತಾಡುವಾ" ಅಂದರು!

ಕುವೈತಿನಲ್ಲಿರುವ ನಮ್ಮ ಊರವರ ಸಂಘದಲ್ಲಿ ಅವರು ಸಾಂಸ್ಕೃತಿಕ ಕಾರ್ಯದರ್ಶಿ. ಪ್ರತಿ ವರ್ಷ ನಗೆನಾಟಕ ಬರೆಯುವುದು ನಾನು, ಆಡುವುದು ಅವರು. ಈ ಸಲ ನಾನು ನಮ್ಮ ಸಿನಿಮಾವನ್ನೇ ಅರ್ಧ ಗಂಟೆಯ ನಾಟಕ ಮಾಡಿದೆ. ಗುಮಾಸ್ತನ ಪಾತ್ರ ಅವರಿಗೆ, ಮತ್ಸ್ಯಕನ್ಯೆ ನಾನೇ. ಐನೂರು ಜನರ ಎದುರು ಅವರು ಸೂಟ್‌ಕೇಸ್ ಹಿಡಿದು ದೋಣಿ ಹತ್ತಲಿ, ಆಗಲಾದರೂ ಆಡಿದ ಮಾತು ನೆನಪಾದೀತು ಅಂತ ನನ್ನ ಆಸೆ. ದಡ್ಡಿ ನಾನು.

ಬಾಲ ಹೊಲಿದುಕೊಟ್ಟವರು ಫರ್ವಾನಿಯಾದ ಒಬ್ಬ ಹೈದರಾಬಾದಿ ಟೈಲರ್. ಹಸಿರು ಮಿನುಗುವ ಬಟ್ಟೆ, ಹಿಂದೆ ಜಿಪ್ಪು. ಅಳತೆ ತೆಗೆದು, "ಇದನ್ನು ಹಾಕಿಕೊಂಡು ನಡೆಯುವುದು ಹೇಗೆ ಭಾಭೀ?" ಅಂತ ಹಿಂದಿಯಲ್ಲಿ ಚಿಂತೆಯಿಂದ ಕೇಳಿದರು. "ನಡೀಲಿಕ್ಕಲ್ಲ ಭಾಯಿ, ಕೂತುಕೊಳ್ಳಲಿಕ್ಕೆ" ಅಂದೆ. ಪಾಪ, ಆ ಇಡೀ ನಾಟಕದಲ್ಲಿ ನನ್ನ ಕಾಲಿನ ಬಗ್ಗೆ ಯೋಚಿಸಿದವರು ಅವರೊಬ್ಬರೇ.

ನಾಟಕಕ್ಕೆ ವಾರವಿರುವಾಗ ಸಂಘದ ಅಧ್ಯಕ್ಷರು ರಿಹರ್ಸಲ್ಲಿಗೆ ಬಂದರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕನ್ನಡಕ ಒರೆಸುತ್ತ, "ಭಾರೀ ಲಾಯಿಕುಂಟು ಅಕ್ಕಾ. ಕೊನೆ ಒಂದು ಸ್ವಲ್ಪ ಚೇಂಜ್ ಮಾಡುವಾ. ಹುಡುಗ ಮನೆ, ಅಮ್ಮ ಎಲ್ಲ ಬಿಟ್ಟು ಹೆಂಡ್ತಿ ಹಿಂದೆ ಹೋಗುದು ನಮ್ಮ ಫ್ಯಾಮಿಲಿ ಆಡಿಯನ್ಸಿಗೆ ಹಿಡಿಸ್ಲಿಕ್ಕಿಲ್ಲ. ಅವ್ಳೇ ಬಾಲ ಬಿಚ್ಚಿ, ಸೀರೆ ಉಟ್ಟು ದಡಕ್ಕೆ ಬರ್ಲಿ. ಅತ್ತೆ ಆರತಿ ಎತ್ಲಿ. ಖಲಾಸ್!" ಅಂದರು.

ನಾನು ಗಂಡನ ಮುಖ ನೋಡಿದೆ. ಅವರು ತಲೆಯಾಡಿಸುತ್ತಿದ್ದರು! ಮನೆಗೆ ಬರುವಾಗ ಕಾರಿನಲ್ಲಿ, "ನಾಟಕ ಅಲ್ವಾ, ಸ್ವಲ್ಪ ಅಡ್ಜಸ್ಟ್ ಮಾಡು" ಅಂದರು. ಅಡ್ಜಸ್ಟ್! ಆ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಹತ್ತೊಂಬತ್ತು ವರ್ಷದಿಂದ ನಾನು ಬೇರೆ ಏನು ಮಾಡಿದ್ದೇನೆ?

ಬದಲಾಯಿಸಿ ಬರೆದೆ. ಒಳಗೆ ಸೀರೆ, ಮೇಲೆ ಬಾಲ. ಕೊನೆಯಲ್ಲಿ ನಾನು ಪ್ಲೈವುಡ್ಡಿನ ದೋಣಿಯಲ್ಲಿ ಕೂತು ಜಿಪ್ಪು ಎಳೆಯಬೇಕು, ಗುಮಾಸ್ತ ಕೈ ಚಾಚಬೇಕು, ನಾನು ಇಳಿದು ಅತ್ತೆಯ ಕಾಲಿಗೆ ಬೀಳಬೇಕು.

ಶಾಲೆಯ ಹಾಲ್ ತುಂಬಿತ್ತು. ಮೀನಿನ ಮಾರ್ಕೆಟ್ಟಿಗೆ ಜನ ಬಿದ್ದು ಬಿದ್ದು ನಕ್ಕರು. ಬಂಗುಡೆಯನ್ನು ಎತ್ತಿ ನಾನು "ಚಿಕ್ಕಪ್ಪಾ!" ಅಂದಾಗ ಒಬ್ಬರು ಸೀಟಿಯನ್ನೇ ಹೊಡೆದರು. ನನ್ನ ಗಂಡ ಒಳ್ಳೆಯ ನಟ, ಅದನ್ನು ಸಿಟ್ಟಿನಲ್ಲೂ ಒಪ್ಪಬೇಕು. ಕೊನೆಗೆ ಅವರು ದಡದಲ್ಲಿ ನಿಂತು ಕೈ ಚಾಚಿದರು. ನನ್ನ ಕೈ ಜಿಪ್ಪಿಗೆ ಹೋಯಿತು. ಅಲ್ಲೇ ನಿಂತಿತು. ಎಳೆಯಲು ಮನಸ್ಸೇ ಬರಲಿಲ್ಲ.

"ನಾನು ಇಳಿಯುದಿಲ್ಲ. ನೀವು ಹತ್ತಿ" ಅಂದೆ.

ಇದು ನಾಟಕದಲ್ಲಿ ಇಲ್ಲದ ಮಾತು ಅಂತ ಅವರಿಗೆ ಗೊತ್ತು, ಯಾಕೆ ಹೇಳಿದೆ ಅಂತಲೂ ಗೊತ್ತು. ಒಂದು ಗಳಿಗೆ ನನ್ನನ್ನೇ ನೋಡಿದರು. ಹತ್ತಿಯಾರು ಅಂತ ನಾನು ಸರಿದು ಜಾಗವನ್ನೂ ಮಾಡಿದೆ, ದೇವರಾಣೆ. ಅವರು ಪ್ರೇಕ್ಷಕರ ಕಡೆ ತಿರುಗಿ, "ನೋಡಿ ಸ್ವಾಮೀ, ಕಡಲಿನ ಹೆಂಡತಿ ಹಟ ಮಾಡಿದರೆ ಹೀಗೆ!" ಅಂತ ಕಣ್ಣು ಮಿಟುಕಿಸಿದರು. ಹಾಲ್ ಗೊಳ್ಳೆಂದಿತು. ಮರುಕ್ಷಣ ಬಗ್ಗಿ, ಅಕ್ಕಿಮೂಟೆಯ ಹಾಗೆ ನನ್ನನ್ನು ಬಾಲಸಮೇತ ಎತ್ತಿಕೊಂಡು ದಡಕ್ಕೆ ತಂದು ಕೂರಿಸಿದರು. ಕಾಲು ಒದೆಯೋಣವೆಂದರೆ ಎರಡೂ ಕಾಲು ಬಾಲದೊಳಗೆ ಸಿಕ್ಕಿಬಿದ್ದಿದ್ದವು. ಅತ್ತೆಯ ವೇಷದವರು ಆರತಿ ಎತ್ತಿದರು. ಚಪ್ಪಾಳೆ ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಎಷ್ಟು ಪ್ರೀತಿ ನೋಡಿ ಅಂತ ಮುಂದಿನ ಸಾಲಿನ ಹೆಂಗಸರು ಕಣ್ಣು ಒರೆಸಿಕೊಳ್ಳುತ್ತಿದ್ದರು.

ಗ್ರೀನ್‌ರೂಮಿನಲ್ಲಿ ಜಿಪ್ಪು ಎಳೆಯಲು ಮಗಳು ಬಂದಳು. ತುಳುವಿನಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. "ಅಮ್ಮಾ, ದಟ್ ವಾಸ್ ನಾಟ್ ಫನ್ನಿ" ಅಂದಳು. ನನಗೆ ಅಳು ಉಕ್ಕಿ ಬಂತು. ಐನೂರು ಜನರಲ್ಲಿ ಒಬ್ಬಳಿಗಾದರೂ ಕಂಡಿತಲ್ಲ ಅಂತ ಅವಳನ್ನು ತಬ್ಬಿಕೊಂಡೆ.

ಒಂದು ವಾರ ನಾನು ಮನೆಯಲ್ಲಿ ಮಾತಾಡಲಿಲ್ಲ. ಮೊನ್ನೆ ಶುಕ್ರವಾರ, ಮಧ್ಯಾಹ್ನದ ಊಟ ಆದ ಮೇಲೆ, ಅವರು ಪೆನ್‌ಡ್ರೈವ್ ಹುಡುಕಿ ಟಿವಿಗೆ ಸಿಕ್ಕಿಸಿದರು. ಬಾ ಅಂತಲೂ ಕರೆಯಲಿಲ್ಲ, ಅಷ್ಟು ನಂಬಿಕೆ. ನಾನೂ ಹೋಗಿ ಕೂತೆ. ಮೀನಿನ ಮಾರ್ಕೆಟ್ಟು ಬಂತು. ನಗು ಬಂತೇ? ಬಂತು. ಸುಳ್ಳು ಯಾಕೆ ಹೇಳಲಿ, ಆ ಹಾಳು ಸಿನಿಮಾಕ್ಕೆ ಇವತ್ತಿಗೂ ನನ್ನನ್ನು ನಗಿಸಲು ಗೊತ್ತು. ಅವರು ಓರೆಗಣ್ಣಿನಲ್ಲಿ ನನ್ನ ನಗು ನೋಡಿದರು, ನೋಡಿ ಸೋಫಾದ ಮೇಲೆ ಕಾಲು ನೀಡಿ ಆರಾಮಾಗಿ ಕೂತರು. ಆ ಕಾಲು ನೀಡಿದ್ದು ಕಂಡು ನನಗೆ ಸಿಟ್ಟು ನೆತ್ತಿಗೇರಿತು.

ಗುಮಾಸ್ತ ಸೂಟ್‌ಕೇಸ್ ಹಿಡಿದು ದಕ್ಕೆಗೆ ಬಂದಾಗ ನಾನು ರಿಮೋಟ್ ತೆಗೆದುಕೊಂಡು ಸಿನಿಮಾ ನಿಲ್ಲಿಸಿದೆ.

"ಎಂತಾಯ್ತು? ಒಳ್ಳೇದು ಬರುದೇ ಈಗ" ಅಂದರು.

"ಇವತ್ತು ಬೆಳಿಗ್ಗೆ ಲ್ಯಾಬಿಗೆ ಫೋನ್ ಮಾಡಿ ಬರ್ತೇನೆ ಅಂತ ಹೇಳಿದ್ದೇನೆ. ಮಗಳ ಜೊತೆ ನನ್ನದೂ ಟಿಕೆಟ್ ಆಯ್ತು. ನೀವು ಬರ್ತೀರಾ ಇಲ್ವಾ, ಅದನ್ನು ಹೇಳಿ. ಮತ್ತೆ ಸಿನಿಮಾ."

ಅವರು ಟಿವಿ ನೋಡಿದರು, ನನ್ನನ್ನು ನೋಡಿದರು. ಕೋಣೆಯ ಬಾಗಿಲಲ್ಲಿ ಮಗಳು ಬಂದು ನಿಂತಿದ್ದಳು. ಅವರು ನಕ್ಕರು. ಅದೇ ನಗು, ನನ್ನನ್ನು ಇಷ್ಟು ವರ್ಷ ಅಡುಗೆಮನೆಗೆ ವಾಪಸು ಕಳಿಸಿದ ನಗು.

"ನಂಗೆ ದೋಣಿ ಆಗುದಿಲ್ಲ ಮಾರಾಯ್ತಿ" ಅಂದರು. "ವಾಂತಿ ಬರ್ತದೆ."

"ಬರ್ಲಿ" ಅಂದೆ. "ನಂಗೂ ಬಂದಿತ್ತು."